ಲಿಂಗತ್ವ, ಸಮಾಜ ಮತ್ತು ಸಂಸ್ಕೃತಿ: ದೆಹಲಿಯ ವಿಶ್ವವಿದ್ಯಾಲಯಗಳಲ್ಲಿ ಒಂದು ಹೊಸ ಓದು

ದೆಹಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮತ್ತೆ ಮತ್ತೆ ಹೇಳಿ ನಗುವ ಒಂದು ಪ್ರಸಂಗವಿದೆ. ಹೊಸದಾಗಿ ಬಂದ ಗೃಹಿಣಿ ತರಕಾರಿ ಗಾಡಿಯವನಿಗೆ 'ಮೈ ಜಾತಾ ಹೂಂ' ಎನ್ನುತ್ತಾಳೆ, ಅವನು ನಗುತ್ತಾನೆ. ಹೆಂಗಸು 'ಜಾತೀ ಹೂಂ' ಎನ್ನಬೇಕು ಎಂಬುದು ಆಕೆಗೆ ಹೊಳೆಯುವುದು ಮನೆಗೆ ಮರಳಿದ ಮೇಲೆ. ತಪ್ಪು ಆಕೆಯದಲ್ಲ. 'ನಾನು ಹೋಗುತ್ತೇನೆ' ಎಂಬ ಕನ್ನಡದ ಮಾತಿನಲ್ಲಿ ಆಡುವವರು ಹೆಣ್ಣೋ ಗಂಡೋ ಎಂಬುದು ತಿಳಿಯುವುದಿಲ್ಲ. ಹಿಂದಿಯಲ್ಲಿ ಬಾಯಿ ತೆರೆದೊಡನೆ ಅದನ್ನು ತಿಳಿಸಲೇಬೇಕು. 'ಅವನು', 'ಅವಳು' ಎಂದು ಬೇರ್ಪಡಿಸುವ ನಮ್ಮ ಭಾಷೆ 'ಅವರು' ಎಂದು ಗೌರವಿಸುವಾಗ ಆ ಭೇದವನ್ನೂ ಮರೆಯುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕರ ಮನೆಮಾತಿನಲ್ಲಿಯಂತೂ ಹೆಂಗಸರನ್ನು ಕುರಿತು 'ಅದು ಬಂತು' ಎನ್ನುವ ರೂಢಿಯುಂಟು. ಅದರಲ್ಲಿ ಅಗೌರವದ ಭಾವವಿಲ್ಲ.

ಹೆಣ್ಣು-ಗಂಡು ಎಂಬುದು ಪ್ರಕೃತಿದತ್ತವಾದರೂ ಆ ಭೇದವನ್ನು ಎಲ್ಲಿ ಎತ್ತಿ ತೋರಿಸಬೇಕು, ಎಲ್ಲಿ ಮರೆಸಬೇಕು ಎಂಬುದನ್ನು ನಿರ್ಧರಿಸುವುದು ಸಮಾಜ. ಈ ಸರಳ ಸಂಗತಿಯಿಂದ ಆರಂಭವಾಗುವ ಒಂದು ವ್ಯಾಸಂಗ ಇಂದು ದೆಹಲಿ ಮತ್ತು ಸುತ್ತಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಲಭ್ಯವಿದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಜೆಂಡರ್ ಸ್ಟಡೀಸ್' ಎಂದೂ 'ವಿಮೆನ್ಸ್ ಸ್ಟಡೀಸ್' ಎಂದೂ ಹೆಸರು. ಕನ್ನಡದಲ್ಲಿ 'ಲಿಂಗತ್ವ ಅಧ್ಯಯನ', 'ಮಹಿಳಾ ಅಧ್ಯಯನ' ಎಂಬ ಪದಗಳು ಬಳಕೆಯಲ್ಲಿವೆ.

ಈ ವಿಷಯದ ಬಗ್ಗೆ ನಾನು ಬರೆಯಹೊರಟದ್ದಕ್ಕೆ ಒಂದು ಕಾರಣವಿದೆ. ಇತಿಹಾಸದಲ್ಲಿ ಬಿ.ಎ. ಮುಗಿಸಿದ ನನ್ನ ಮಗಳು ಸ್ನಾತಕೋತ್ತರ ವ್ಯಾಸಂಗಕ್ಕೆ ಈ ವಿಷಯವನ್ನೇ ಆರಿಸಿಕೊಳ್ಳುವುದಾಗಿ ತಿಳಿಸಿದಾಗ, ಸ್ವತಃ ಕಲಾ ಪದವೀಧರನಾದ ನಾನೇ 'ಇದನ್ನು ಓದಿ ಏನು ಮಾಡುತ್ತೀಯೆ?' ಎಂದು ಕೇಳಿದೆ. ಮೂರು ದಶಕಗಳ ಹಿಂದೆ ನನ್ನ ತಂದೆ ನನಗೆ ಕೇಳಿದ್ದೂ ಅದೇ ಪ್ರಶ್ನೆ. ಅನಂತರ ಒಂದಿಷ್ಟು ಓದಿ, ವಿಚಾರಿಸಿ ತಿಳಿದುಕೊಂಡ ವಿವರಗಳನ್ನು ಇದೇ ಗೊಂದಲದಲ್ಲಿರಬಹುದಾದ ಇತರ ಪೋಷಕರಿಗಾಗಿ ಇಲ್ಲಿ ಕ್ರೋಡೀಕರಿಸಿದ್ದೇನೆ.

ಲಿಂಗ ಮತ್ತು ಲಿಂಗತ್ವ

ಮೊದಲಿಗೆ ಪದಗಳ ವಿಚಾರ. ದೇಹಕ್ಕೆ ಸಂಬಂಧಿಸಿದ ಜೈವಿಕ ಭೇದವನ್ನು 'ಲಿಂಗ' ಎನ್ನುತ್ತೇವೆ. ಆ ಭೇದದ ಮೇಲೆ ಸಮಾಜವು ಕಟ್ಟಿದ ನಡೆನುಡಿ, ಉಡುಗೆ, ಉದ್ಯೋಗ, ಹಕ್ಕು, ಕರ್ತವ್ಯಗಳ ಒಟ್ಟು ವ್ಯವಸ್ಥೆಯನ್ನು ವಿದ್ವಾಂಸರು 'ಲಿಂಗತ್ವ' ಎಂದು ಕರೆಯುತ್ತಾರೆ. ಮಗುವನ್ನು ಹೆರುವುದು ಲಿಂಗಕ್ಕೆ ಸೇರಿದ್ದು. ಮಗುವಿಗೆ ಜ್ವರ ಬಂದಾಗ ಕಛೇರಿಗೆ ರಜೆ ಹಾಕಬೇಕಾದವಳು ತಾಯಿಯೇ ಎಂಬುದು ಲಿಂಗತ್ವಕ್ಕೆ ಸೇರಿದ್ದು. ಮೊದಲನೆಯದು ಎಲ್ಲ ದೇಶಕಾಲಗಳಲ್ಲಿ ಒಂದೇ. ಎರಡನೆಯದು ಊರಿನಿಂದ ಊರಿಗೆ, ಜಾತಿಯಿಂದ ಜಾತಿಗೆ, ಅಜ್ಜಿಯ ಕಾಲದಿಂದ ಮೊಮ್ಮಗಳ ಕಾಲಕ್ಕೆ ಬದಲಾಗುತ್ತದೆ.

ಇದು ಹೆಂಗಸರನ್ನು ಕುರಿತ ಓದು ಮಾತ್ರ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಗಂಡಸು ಅಳಬಾರದು, ಮನೆಯ ಖರ್ಚನ್ನೆಲ್ಲ ಅವನೇ ತೂಗಿಸಬೇಕು, ಕೆಲಸ ಕಳೆದುಕೊಂಡರೆ ಅವನ ಮರ್ಯಾದೆ ಹೋಯಿತು ಎಂಬ ನಂಬಿಕೆಗಳೂ ಲಿಂಗತ್ವದ ಪರಿಧಿಯಲ್ಲೇ ಬರುತ್ತವೆ. ಹೆಣ್ಣು-ಗಂಡು ಎಂಬ ಎರಡು ಪೆಟ್ಟಿಗೆಗಳಲ್ಲಿ ಹೊಂದದವರ ಬದುಕೂ ಇದರ ವಿಷಯವೇ. ಆದ್ದರಿಂದಲೇ ಈ ತರಗತಿಗಳಲ್ಲಿ ಹುಡುಗರೂ ಓದುತ್ತಾರೆ.

ಶಾಖೆ ಹುಟ್ಟಿದ ಬಗೆ

ಭಾರತದಲ್ಲಿ ಈ ಅಧ್ಯಯನ ಶಾಖೆಯ ಹುಟ್ಟಿಗೆ ಒಂದು ಸರ್ಕಾರಿ ವರದಿಯ ಹಿನ್ನೆಲೆಯಿದೆ. 1971ರಲ್ಲಿ ಭಾರತ ಸರ್ಕಾರವು ಮಹಿಳೆಯರ ಸ್ಥಾನಮಾನವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಫುಲ್‌ರೇಣು ಗುಹಾ ಅದರ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಡಿಸೆಂಬರ್ ಕೊನೆಯಲ್ಲಿ ಸಲ್ಲಿಸಿದ 'ಟುವರ್ಡ್ಸ್ ಈಕ್ವಾಲಿಟಿ' (ಸಮಾನತೆಯೆಡೆಗೆ) ಎಂಬ ವರದಿ ಓದುಗರನ್ನು ಬೆಚ್ಚಿಬೀಳಿಸಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಇದ್ದ ಹೆಂಗಸರ ಸಂಖ್ಯೆ 1971ರ ಜನಗಣತಿಯ ವೇಳೆಗೆ 930ಕ್ಕೆ ಇಳಿದಿತ್ತು. ಸ್ವಾತಂತ್ರ್ಯ ಬಂದು, ಸಂವಿಧಾನ ಸಮಾನತೆಯನ್ನು ಸಾರಿ, ಶಾಲೆ-ಆಸ್ಪತ್ರೆಗಳು ಹೆಚ್ಚುತ್ತಿದ್ದರೂ ಹೆಂಗಸರು ಕಡಿಮೆಯಾಗುತ್ತಿದ್ದುದು ಏಕೆ? ಅರ್ಥಶಾಸ್ತ್ರ, ವೈದ್ಯಶಾಸ್ತ್ರ, ಕಾನೂನು ಇವುಗಳಲ್ಲಿ ಯಾವುದೊಂದಕ್ಕೂ ಒಂಟಿಯಾಗಿ ಉತ್ತರಿಸಲು ಸಾಧ್ಯವಾಗದ ಪ್ರಶ್ನೆ ಅದಾಗಿತ್ತು.

ರಾಜಧಾನಿ ವಲಯದಲ್ಲಿ ವಾಸಿಸುವ ನಮಗೆ ಆ ಪ್ರಶ್ನೆ ಇನ್ನೂ ಹಳತಾಗಿಲ್ಲ. 2011ರ ಜನಗಣತಿಯಲ್ಲಿ ದೇಶದ ಸರಾಸರಿ 943 ಇದ್ದಾಗ ದೆಹಲಿಯದು 868, ಹರಿಯಾಣದ್ದು 879, ಕರ್ನಾಟಕದ್ದು 973. ದೆಹಲಿಯ ಅಂಕಿಯಲ್ಲಿ ಕೆಲಸ ಅರಸಿ ಒಂಟಿಯಾಗಿ ಬಂದ ಗಂಡಸರ ಪಾಲೂ ಇದೆ. ಅಂಕಿಯನ್ನು ಹಾಗೆ ಬಿಡಿಸಿ ನೋಡುವುದೂ ಈ ಓದಿನ ಒಂದು ಭಾಗ.

1974ರಲ್ಲೇ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಅವರ ನೇತೃತ್ವದಲ್ಲಿ ಮಹಿಳಾ ಅಧ್ಯಯನಕ್ಕೆ ಒಂದು ಸಂಶೋಧನಾ ಘಟಕ ಆರಂಭವಾಯಿತು. 1980ರಲ್ಲಿ ದೆಹಲಿಯಲ್ಲಿ 'ಸೆಂಟರ್ ಫಾರ್ ವಿಮೆನ್ಸ್ ಡೆವಲಪ್‌ಮೆಂಟ್ ಸ್ಟಡೀಸ್' (ಸಿ.ಡಬ್ಲ್ಯು.ಡಿ.ಎಸ್.) ಸ್ಥಾಪನೆಯಾಗಿ ವೀಣಾ ಮಜುಂದಾರ್ ಅದರ ಸ್ಥಾಪಕ ನಿರ್ದೇಶಕರಾದರು. 1981ರಲ್ಲಿ ಮುಂಬಯಿಯಲ್ಲಿ ಮಹಿಳಾ ಅಧ್ಯಯನದ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ವಿಷಯಕ್ಕೆ ಮನ್ನಣೆ ನೀಡಿದ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನೆರವಿನಿಂದ ದೇಶದಾದ್ಯಂತ ಕೇಂದ್ರಗಳು ತೆರೆದವು. ದೆಹಲಿ ವಿಶ್ವವಿದ್ಯಾಲಯದ ಕೇಂದ್ರ 1987ರದು.

ಮೈಸೂರಿನಿಂದ ದೆಹಲಿಗೆ ಬಂದ ಇಬ್ಬರು

ಈ ಇತಿಹಾಸದಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. ದೆಹಲಿಯೊಡನೆ ನಂಟು ಹೊಂದಿದ ಇಬ್ಬರನ್ನು ಇಲ್ಲಿ ನೆನೆಯಬೇಕು.

ಮೊದಲನೆಯವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ (1916–1999). ಮೈಸೂರಿನಲ್ಲಿ ಹುಟ್ಟಿದ ಅವರು 1959ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದವರು. 1942ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದ ವಸ್ತುವೇ ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬ. 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ತಂಗಿ ಮಾಡಿದ ಕ್ಷೇತ್ರಕಾರ್ಯದ ಫಲ 1976ರ 'ದಿ ರಿಮೆಂಬರ್ಡ್ ವಿಲೇಜ್'. ಟಿಪ್ಪಣಿಗಳೆಲ್ಲ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ನೆನಪಿನಿಂದ ಬರೆದ ಕೃತಿಯದು. ಅದರಲ್ಲಿ ಊರಿನ ಮೂವರು ಮುಖ್ಯ ಗಂಡಸರಿಗೆ ಒಂದು ಇಡೀ ಅಧ್ಯಾಯ ಮೀಸಲಾಗಿದೆ. ಮೇಲ್ಜಾತಿಯ ಒಬ್ಬ ಗಂಡಸಾಗಿ ಹಳ್ಳಿಗೆ ಹೋದ ವಿದ್ವಾಂಸನಿಗೆ ಯಾರ ಜಗಲಿಯ ಮೇಲೆ ಕೂರಲು ಸಾಧ್ಯ, ಯಾರ ಅಡುಗೆಮನೆಯ ಮಾತು ಕೇಳಲು ಅಸಾಧ್ಯ ಎಂಬುದನ್ನು ಇಂದಿನ ವಿದ್ಯಾರ್ಥಿ ಆ ಪುಸ್ತಕವನ್ನು ಓದುವಾಗ ಕೇಳಿಕೊಳ್ಳುತ್ತಾಳೆ.

ಅದೇ ಶ್ರೀನಿವಾಸ್ ಅವರು 1983ರಲ್ಲಿ ದೆಹಲಿಯ ಸಿ.ಡಬ್ಲ್ಯು.ಡಿ.ಎಸ್. ಆಶ್ರಯದಲ್ಲಿ ಜೆ.ಪಿ. ನಾಯಕ್ ಸ್ಮಾರಕ ಉಪನ್ಯಾಸ ನೀಡಿದರು. ವಿಷಯ ವರದಕ್ಷಿಣೆ. ವರದಕ್ಷಿಣೆಯೆಂಬುದು ಅನಾದಿಯಿಂದ ಬಂದ ಸಂಪ್ರದಾಯ ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ದಕ್ಷಿಣದ ಬಹುಪಾಲು ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುವ ಪದ್ಧತಿಯಿತ್ತು. ಹಣದ ಚಲಾವಣೆ ಹೆಚ್ಚಿ, ಇಂಗ್ಲಿಷ್ ವಿದ್ಯೆ ಮತ್ತು ಸಂಬಳದ ನೌಕರಿ ಬಂದ ಮೇಲೆ ಅಂಥ ವರನಿಗೆ ಬೆಲೆ ಕಟ್ಟುವ ಆಧುನಿಕ ವರದಕ್ಷಿಣೆ ಬೆಳೆಯಿತು. ಅದನ್ನು ಹಳೆಯ ಸ್ತ್ರೀಧನ, ದಕ್ಷಿಣೆಗಳೊಡನೆ ಸಮೀಕರಿಸಬಾರದು ಎಂಬುದು ಅವರ ವಾದದ ಸಾರ. ಬ್ಯಾಂಕ್ ನೌಕರಿ ಸಿಕ್ಕ ವರ್ಷವೇ ಮದುವೆಯ ಮಾರುಕಟ್ಟೆಯಲ್ಲಿ ತನ್ನ ಧಾರಣೆ ಏರಿದ್ದನ್ನು ಕಂಡ ನನ್ನಂಥವನಿಗೆ ಈ ವಾದವನ್ನು ತಳ್ಳಿಹಾಕುವುದು ಕಷ್ಟ.

ಎರಡನೆಯವರು ಅರ್ಥಶಾಸ್ತ್ರಜ್ಞೆ ದೇವಕಿ ಜೈನ್. 1933ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1960ರ ದಶಕದಲ್ಲಿ ದೆಹಲಿಯ ಮಿರಾಂಡಾ ಹೌಸ್ ಕಾಲೇಜಿನಲ್ಲಿ ಪಾಠ ಹೇಳಿದ ಅವರು, ಅನಂತರ ದೆಹಲಿಯಲ್ಲಿ 'ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸ್ಟಡೀಸ್ ಟ್ರಸ್ಟ್' ಎಂಬ ಸಂಶೋಧನಾ ಸಂಸ್ಥೆಯನ್ನು ಮುನ್ನಡೆಸಿದರು. 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಕೆಲವು ಹಳ್ಳಿಗಳಲ್ಲಿ ಅವರ ತಂಡ ಮಾಡಿದ ಕೆಲಸ ಮೇಲುನೋಟಕ್ಕೆ ಅತಿ ಸರಳ: ಹೆಂಗಸರು, ಗಂಡಸರು, ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತಾರೆಂದು ಗಂಟೆಗಂಟೆಗೂ ಬರೆದಿಡುವುದು. ಸೌದೆ, ನೀರು, ಮೇವು, ದನಕರು ಎಂದು ದುಡಿಯುತ್ತಿದ್ದರೂ ಸರ್ಕಾರಿ ಲೆಕ್ಕದಲ್ಲಿ 'ಕೆಲಸವಿಲ್ಲದವರು' ಎನಿಸಿದ್ದ ಹೆಂಗಸರ ದುಡಿಮೆ ಆ ಕಾಗದದ ಮೇಲೆ ಮೂಡಿತು.

ಮುಂದೆ ಸರ್ಕಾರವೇ ಈ ಬಗೆಯ ಸಮೀಕ್ಷೆಯನ್ನು ಕೈಗೊಂಡಿತು. ಅಖಿಲ ಭಾರತ ಮಟ್ಟದ ಮೊದಲ ಸಮಯ ಬಳಕೆ ಸಮೀಕ್ಷೆ ನಡೆದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ವ್ಯಯಿಸುತ್ತಾರೆಂದು ಅದು ತಿಳಿಸಿತು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ 289 ಮತ್ತು 88. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರಿಗೂ ಒಂಬತ್ತು ನಿಮಿಷ ಉಳಿಯಿತು. ನಡುವಿನ ಅಂತರ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಹಲವು ಶಿಸ್ತುಗಳು ಕೂಡುವ ಬಗೆ

ಈ ಪದವಿಗಳನ್ನು 'ಅಂತರ್‌ಶಿಸ್ತೀಯ' ಎಂದು ಕರೆಯುತ್ತಾರೆ. ಹಾಗೆಂದರೆ ಎಲ್ಲ ವಿಷಯಗಳನ್ನೂ ಸ್ವಲ್ಪ ಸ್ವಲ್ಪ ಕಲಿಸುವುದೆಂದಲ್ಲ; ಒಂದೇ ಪ್ರಶ್ನೆಯನ್ನು ಹಲವು ಶಾಸ್ತ್ರಗಳ ಸಾಧನಗಳಿಂದ ಪರೀಕ್ಷಿಸುವುದು. ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ.

ಮನೆ ಅಥವಾ ನಿವೇಶನವನ್ನು ಅಡಮಾನವಿಟ್ಟು ಸಾಲ ಕೇಳಿದಾಗ ಬ್ಯಾಂಕು ಹಿಂದಿನ ಕಾಗದಪತ್ರಗಳನ್ನೆಲ್ಲ ಪರಿಶೀಲಿಸುತ್ತದೆ. ಆಸ್ತಿ ಪಿತ್ರಾರ್ಜಿತವಾಗಿದ್ದರೆ ಕಡತದಲ್ಲಿ ಹಲವು ಸಲ ಒಂದು 'ಹಕ್ಕು ಬಿಡುಗಡೆ ಪತ್ರ' ಇರುತ್ತದೆ. ಅಕ್ಕತಂಗಿಯರು ತಮ್ಮ ಪಾಲನ್ನು ಪ್ರೀತಿವಿಶ್ವಾಸದಿಂದ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದಾರೆ ಎಂಬ ಒಕ್ಕಣೆಯ ಕೆಳಗೆ ಸಹಿಗಳು, ಕೆಲವೊಮ್ಮೆ ಹೆಬ್ಬೆಟ್ಟಿನ ಗುರುತು. ಅಂಥ ಪತ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ. ಪತ್ರ ಕ್ರಮಬದ್ಧವಾಗಿದೆಯೇ ಎಂದು ನೋಡುವುದಷ್ಟೇ ನನ್ನ ಕೆಲಸ. ಅವರು ಏಕೆ ಬಿಟ್ಟುಕೊಟ್ಟರು ಎಂದು ಕೇಳಿದವನಲ್ಲ.

ಈ ಪ್ರಶ್ನೆಯನ್ನು ಲಿಂಗತ್ವ ಅಧ್ಯಯನದ ವಿದ್ಯಾರ್ಥಿ ಹೇಗೆ ಎದುರಿಸಬಹುದು?

ಕಾನೂನು ಮೊದಲು ಉತ್ತರಿಸುತ್ತದೆ. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಹಕ್ಕು ಇದೆ ಎಂಬುದು ಇದರಿಂದ ನಿಶ್ಚಯವಾಯಿತು, ಬಿಟ್ಟುಕೊಡುವುದೇಕೆ ಎಂಬುದಲ್ಲ.

ಅರ್ಥಶಾಸ್ತ್ರ ಮತ್ತೊಂದು ಬದಿಯಿಂದ ನೋಡುತ್ತದೆ. ಸ್ವಂತ ಹೆಸರಿನಲ್ಲಿ ಆಸ್ತಿಯಿರುವ ಹೆಣ್ಣಿಗೆ ಮನೆಯೊಳಗಿನ ಮಾತುಕತೆಯಲ್ಲಿ ಬಲ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಬೀನಾ ಅಗರ್‌ವಾಲ್ ಅವರು 1994ರ 'ಎ ಫೀಲ್ಡ್ ಆಫ್ ಒನ್ಸ್ ಓನ್' ಎಂಬ ಗ್ರಂಥದಲ್ಲಿ ದಕ್ಷಿಣ ಏಷ್ಯಾದ ಭೂಮಿಯನ್ನು ಆಧಾರವಾಗಿಟ್ಟುಕೊಂಡು ಸವಿಸ್ತಾರವಾಗಿ ಚರ್ಚಿಸಿದ್ದಾರೆ. ಮಾನವಶಾಸ್ತ್ರವು 'ತವರು' ಎಂಬ ಪದವನ್ನು ಕೈಗೆತ್ತಿಕೊಳ್ಳುತ್ತದೆ. ಗೌರಿ ಹಬ್ಬದ ಬಾಗಿನ, ಬಾಣಂತನ, ಸೋದರಮಾವನ ಉಡುಗೊರೆ ಇವೆಲ್ಲ ಅಣ್ಣತಮ್ಮಂದಿರ ಮನೆಬಾಗಿಲು ತೆರೆದಿರುವುದನ್ನು ಅವಲಂಬಿಸಿವೆ. ಪಾಲು ಕೇಳಿದರೆ ಆ ಬಾಗಿಲು ಮುಚ್ಚೀತೆಂಬ ಅಂಜಿಕೆ ಸಹಿಯ ಹಿಂದೆ ಇರಬಹುದೇ? ಜಾನಪದವು ತವರನ್ನು ನೆನೆದು ಹಾಡುವ ನಮ್ಮ ಬೀಸುವ ಪದಗಳನ್ನು ಸಾಕ್ಷ್ಯವಾಗಿ ತರುತ್ತದೆ. ಇತಿಹಾಸವು ತುಳುನಾಡಿನ ಅಳಿಯಸಂತಾನ ಪದ್ಧತಿಯತ್ತ ಬೊಟ್ಟುಮಾಡುತ್ತದೆ: ಅಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಮೂಲಕ ಹರಿಯುತ್ತಿದ್ದವು, ಆದರೂ ಆಡಳಿತ ನಡೆಸುವ ಯಜಮಾನಿಕೆ ಹೆಚ್ಚಾಗಿ ಗಂಡಸರ ಕೈಯಲ್ಲಿತ್ತು.

ಐದು ಶಾಸ್ತ್ರಗಳು ಐದು ದಿಕ್ಕಿನಿಂದ ಒಂದು ಸಹಿಯನ್ನು ಸುತ್ತುವರಿದ ಮೇಲೆ ಉಳಿಯುವ ಕೆಲಸ, ಸಹಿ ಹಾಕಿದವರನ್ನೇ ಕೇಳುವುದು. ಕ್ಷೇತ್ರಕಾರ್ಯ ಮತ್ತು ಸಂದರ್ಶನಗಳಿಗೆ ಈ ವ್ಯಾಸಂಗದಲ್ಲಿ ದೊಡ್ಡ ಸ್ಥಾನವಿರುವುದು ಅದಕ್ಕಾಗಿಯೇ.

ಸಾಲದ ವಿಚಾರದಲ್ಲೂ ಹೀಗೆಯೇ. 1980ರ ದಶಕದಲ್ಲಿ ಕರ್ನಾಟಕದ ಮೈರಾಡ ಸಂಸ್ಥೆ ಬೆಳೆಸಿದ ಸ್ವಸಹಾಯ ಗುಂಪುಗಳ ಅನುಭವದ ಮೇಲೆ 1992ರಲ್ಲಿ ನಬಾರ್ಡ್ ಬ್ಯಾಂಕ್ ಜೋಡಣೆ ಕಾರ್ಯಕ್ರಮವನ್ನು ಆರಂಭಿಸಿತು. ಮರುಪಾವತಿ ಸರಿಯಾಗಿದ್ದರೆ ಬ್ಯಾಂಕಿಗೆ ಸಮಾಧಾನ. ಆದರೆ ಬಾಂಗ್ಲಾದೇಶದ ಕಿರುಸಾಲಗಳ ಕುರಿತು 1996ರಲ್ಲಿ ಪ್ರಕಟವಾದ ಆನ್ ಮೇರಿ ಗೊಯೆಟ್ಸ್ ಮತ್ತು ರೀನಾ ಸೆನ್ ಗುಪ್ತಾ ಅವರ ಅಧ್ಯಯನವು, ಹೆಂಗಸರ ಹೆಸರಿನ ಸಾಲಗಳಲ್ಲಿ ಗಣನೀಯ ಭಾಗದ ಹಣ ಗಂಡಸರ ಹಿಡಿತದಲ್ಲಿತ್ತೆಂದು ತೋರಿಸಿತು. ಬ್ಯಾಂಕಿನ ಖಾತಾಪುಸ್ತಕದಲ್ಲಿ ಅದು ಕಾಣುವಂಥದ್ದಲ್ಲ.

ಸಂಸ್ಕೃತಿಯ ಪಾಠ ಮತ್ತು ಕನ್ನಡದ ಸಂಪತ್ತು

ಈ ಪದವಿಗಳಲ್ಲಿ ಸಾಹಿತ್ಯ, ರಂಗಭೂಮಿ, ಸಿನಿಮಾ, ಆಚರಣೆಗಳ ವಿಶ್ಲೇಷಣೆಗೂ ಅವಕಾಶವಿದೆ. ದೆಹಲಿಯ ಕನ್ನಡ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಮತ್ತು ಇತರ ಶರಣೆಯರು, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮ ಇವರನ್ನು ಮೂಲದಲ್ಲೇ ಓದಬಲ್ಲವರು ತರಗತಿಯಲ್ಲಿ ಹೆಚ್ಚು ಜನ ಇರುವುದಿಲ್ಲ. ಅರಮನೆಯಲ್ಲಿ ಅಡಕೆ ಎಲೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಹೊನ್ನಮ್ಮ ಪತಿವ್ರತಾ ಧರ್ಮವನ್ನು ಬೋಧಿಸುತ್ತಲೇ ಹೆಣ್ಣನ್ನು ಹೀಗಳೆಯುವವರನ್ನು ಪ್ರಶ್ನಿಸಿದಳು. ಒಂದೇ ಕೃತಿಯಲ್ಲಿ ಇವೆರಡೂ ಹೇಗೆ ಕೂಡಿಬಂದವು ಎಂಬುದು ಒಂದು ಸಂಶೋಧನಾ ಪ್ರಬಂಧಕ್ಕೆ ಸಾಕಾಗುವ ವಿಷಯ.

ನಂಜನಗೂಡು ತಿರುಮಲಾಂಬ (1887–1982) ಅವರ ಕಥೆ ಇನ್ನೂ ಸಮೀಪದ್ದು. ಬಾಲ್ಯದಲ್ಲೇ ವಿಧವೆಯಾದ ಅವರು ಮನೆಯಲ್ಲೇ ಓದಿ, 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು, 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ನಡೆಸಿದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆಗಿದ್ದ ಅವರು ಮುಂದಿನ ದಶಕಗಳಲ್ಲಿ ಬಹುಮಟ್ಟಿಗೆ ಮರೆತುಹೋದರು. ಅವರನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಬೆಂಗಳೂರಿನ ಚಿ.ನ. ಮಂಗಳಾ ಪ್ರಮುಖರು. ಮರೆತವರನ್ನು ಹುಡುಕುವುದು, ಮರೆತದ್ದೇಕೆಂದು ವಿಚಾರಿಸುವುದು ಮಹಿಳಾ ಅಧ್ಯಯನದ ಮುಖ್ಯ ಕೆಲಸಗಳಲ್ಲೊಂದು. ಮೈಸೂರಿನಲ್ಲಿ ವಿಜಯಾ ದಬ್ಬೆ ಅವರ ವಿಮರ್ಶೆ, ಸಿಮೊನ್ ದ ಬೋವಾ ಅವರ 'ದಿ ಸೆಕೆಂಡ್ ಸೆಕ್ಸ್' ಗ್ರಂಥವನ್ನು ಕನ್ನಡಿಸಿದ ಎಚ್.ಎಸ್. ಶ್ರೀಮತಿ ಅವರ ಕೆಲಸ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದ ಪ್ರಕಟಣೆಗಳು ಈ ದಾರಿಯಲ್ಲಿ ಗಮನಾರ್ಹ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನಿಡಲಾಯಿತು.

ಯಕ್ಷಗಾನದ ಸ್ತ್ರೀವೇಷವನ್ನು ನಾವು ತಲೆಮಾರುಗಳಿಂದ ಮೆಚ್ಚಿ ನೋಡಿದ್ದೇವೆ. ಗಂಡಸಿನ ದೇಹದಲ್ಲಿ ಹೆಣ್ಣಿನ ಲಾಲಿತ್ಯವನ್ನು ರಂಗದ ಮೇಲೆ ಕೊಂಡಾಡಿದ ನಾವೇ ರಂಗದ ಹೊರಗೆ ಅದನ್ನು ಅಣಕಿಸುತ್ತೇವೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀಗೆ ಪಾತ್ರರಾದದ್ದು ಈ ದೃಷ್ಟಿಯಿಂದ ಮಹತ್ವದ ಘಟನೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಮಾನ್ಯಮಾಡಿತು; ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ನೇಮಕಾತಿಗಳಲ್ಲಿ ಅವರಿಗೆ ಶೇಕಡಾ 1ರಷ್ಟು ಮೀಸಲಾತಿಯನ್ನು ತಂದಿತು.

ಇದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ತಿರುಮಲಾಂಬ ಅವರ ಪುಸ್ತಕ, ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕ, ತಾತ ಬರೆದ ಕಾಗದ ಇವೆಲ್ಲ ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಮುಚ್ಚಿದ ಬಾಗಿಲುಗಳು. ಮನೆಯಲ್ಲಿ ಕನ್ನಡ ಆಡುವುದರ ಜೊತೆಗೆ ಓದುವುದನ್ನೂ ಕಲಿಸಿದ ಕುಟುಂಬಗಳು ತಮಗೆ ತಿಳಿಯದೆಯೇ ಮಕ್ಕಳಿಗೆ ಒಂದು ಸಂಶೋಧನಾ ಸಾಧನವನ್ನು ಕೊಟ್ಟಿರುತ್ತವೆ.

ದೆಹಲಿಯಲ್ಲಿ ಎಲ್ಲಿ ಓದಬಹುದು?

ರಾಜಧಾನಿಯ ಡಾ. ಬಿ.ಆರ್. ಅಂಬೇಡ್ಕರ್ ವಿಶ್ವವಿದ್ಯಾಲಯವು ತನ್ನ ಮಾನವ ಅಧ್ಯಯನ ಶಾಲೆಯಲ್ಲಿ ಲಿಂಗತ್ವ ಅಧ್ಯಯನದ ಎಂ.ಎ. ಪದವಿಯನ್ನು ಸಿ.ಡಬ್ಲ್ಯು.ಡಿ.ಎಸ್. ಸಹಯೋಗದಲ್ಲಿ ರೂಪಿಸಿತು. ರಾಜ್ಯ ವಿಶ್ವವಿದ್ಯಾಲಯವಾದ್ದರಿಂದ ಇಲ್ಲಿ ಶೇಕಡಾ 85ರಷ್ಟು ಸ್ಥಾನಗಳು ದೆಹಲಿಯ ಅಭ್ಯರ್ಥಿಗಳಿಗೆ ಮೀಸಲು. ನೊಯ್ಡಾ, ಗುರುಗ್ರಾಮ, ಫರೀದಾಬಾದಿನಲ್ಲಿ ವಾಸಿಸುವವರು ಈ ನಿಯಮವನ್ನು ಮೊದಲೇ ಗಮನಿಸಬೇಕು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ 2000ದಲ್ಲಿ ಆರಂಭವಾದ ಸರೋಜಿನಿ ನಾಯ್ಡು ಮಹಿಳಾ ಅಧ್ಯಯನ ಕೇಂದ್ರವಿದೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಸಮಾಜವಿಜ್ಞಾನ ಶಾಲೆಯಲ್ಲಿಯೂ ಮಹಿಳಾ ಅಧ್ಯಯನ ಕೇಂದ್ರವಿದೆ. ಅದೇ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಕನ್ನಡ ಅಧ್ಯಯನ ಪೀಠ ಆರಂಭವಾದದ್ದನ್ನು ನಮ್ಮ ಓದುಗರು ಬಲ್ಲರು.

ಉದ್ಯೋಗದಲ್ಲಿರುವವರಿಗೆ ಮತ್ತು ಮದುವೆಯಿಂದ ಓದು ನಿಂತುಹೋದ ಗೃಹಿಣಿಯರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಹೆಚ್ಚು ಅನುಕೂಲ. 2007ರಲ್ಲಿ ಸ್ಥಾಪನೆಯಾದ ಅದರ ಲಿಂಗತ್ವ ಮತ್ತು ಅಭಿವೃದ್ಧಿ ಅಧ್ಯಯನ ಶಾಲೆ ದೂರಶಿಕ್ಷಣದ ಮೂಲಕ ಸ್ನಾತಕೋತ್ತರ ಪದವಿಗಳನ್ನು ರೂಪಿಸಿದೆ. ಸಾಮಾನ್ಯವಾಗಿ ಯಾವುದೇ ವಿಷಯದ ಪದವೀಧರರು ಇಂಥ ಎಂ.ಎ.ಗೆ ಅರ್ಹರು, ವಿಜ್ಞಾನ, ವಾಣಿಜ್ಯ ಓದಿದವರಿಗೂ ಅಡ್ಡಿಯಿಲ್ಲ. ಪ್ರವೇಶ ಪರೀಕ್ಷೆ, ಶುಲ್ಕ, ಸ್ಥಾನಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನೋಡುವುದು ಕ್ಷೇಮ.

ಓದಿದ ಮೇಲೆ ಏನು?

ಪೋಷಕರ ಪ್ರಶ್ನೆಗೆ ಈಗ ಬರೋಣ. ಇಂಜಿನಿಯರಿಂಗ್ ಪದವಿಯಂತೆ ಕ್ಯಾಂಪಸ್ಸಿಗೇ ಕಂಪನಿಗಳು ಸಾಲುಗಟ್ಟಿ ಬರುವ ಪದವಿ ಇದಲ್ಲ. ಸಂಬಳವೇ ಏಕಮಾತ್ರ ಅಳತೆಯಾದರೆ ಬೇರೆ ದಾರಿಗಳಿವೆ. ಆದರೆ ದಾರಿಯೇ ಇಲ್ಲವೆಂಬುದು ಸುಳ್ಳು. ಅಧ್ಯಾಪನಕ್ಕೆ ಬೇಕಾದ ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಒಂದು ಸ್ವತಂತ್ರ ವಿಷಯ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ವಿಷಯ ಬಲ್ಲ ಹೊರಗಿನ ಸದಸ್ಯರೊಬ್ಬರು ಇರಬೇಕು. 2005-06ರಿಂದ ಕೇಂದ್ರ ಬಜೆಟ್ಟಿನಲ್ಲಿ ಮಹಿಳೆಯರಿಗಾಗಿ ಇಟ್ಟ ಹಣದ ಪ್ರತ್ಯೇಕ ವಿವರಣೆ ಸೇರಿತು. ಅಂಥ ಲೆಕ್ಕವನ್ನು ಬಿಡಿಸಿ ಓದಬಲ್ಲವರ ಅಗತ್ಯವಿದೆ. ಸಮೀಕ್ಷಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಪತ್ರಿಕೋದ್ಯಮ, ಪ್ರಕಾಶನ, ನಾಗರಿಕ ಸೇವಾ ಪರೀಕ್ಷೆಗಳಲ್ಲೂ ಈ ಓದು ಉಪಯುಕ್ತ.

ಸಮಸ್ಯೆಗಳನ್ನೂ ಹೇಳಬೇಕು. ಅನೇಕ ಕೇಂದ್ರಗಳು ಯೋಜನಾ ಅನುದಾನವನ್ನು ನೆಚ್ಚಿಕೊಂಡಿದ್ದು, 2017ರಲ್ಲಿ ಪಂಚವಾರ್ಷಿಕ ಯೋಜನೆಯ ಅವಧಿ ಮುಗಿದಾಗ ಅವುಗಳ ಭವಿಷ್ಯದ ಬಗ್ಗೆ ದೇಶದಾದ್ಯಂತ ಆತಂಕ ಉಂಟಾಗಿತ್ತು. ಆದ್ದರಿಂದ ಪ್ರವೇಶಕ್ಕೆ ಮುನ್ನ ಆ ವಿಭಾಗದಲ್ಲಿ ಎಷ್ಟು ಮಂದಿ ಖಾಯಂ ಅಧ್ಯಾಪಕರಿದ್ದಾರೆ, ಕ್ಷೇತ್ರಕಾರ್ಯ ಕಡ್ಡಾಯವೇ, ಸಂಖ್ಯಾಶಾಸ್ತ್ರ ಅಥವಾ ಸಂಶೋಧನಾ ವಿಧಾನಗಳ ಪಾಠವಿದೆಯೇ, ಹಿಂದೆ ಓದಿದವರು ಎಲ್ಲಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಪಾಠಗಳ ಪರಿಭಾಷೆ ಆರಂಭದಲ್ಲಿ ಕಠಿಣವಾಗಿ ಕಾಣುತ್ತದೆ. ಮನೆಯ ಊಟದ ವೇಳೆಯಲ್ಲಿ ಹೊಸ ಪ್ರಶ್ನೆಗಳು ಏಳುತ್ತವೆ ಎಂಬುದಕ್ಕೂ ಪೋಷಕರು ಸಿದ್ಧರಿರಬೇಕು.

ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಮೇಲಿನ ಉದಾಹರಣೆಗೇ ಸೇರಿದ್ದು. ಹಕ್ಕು ಬಿಡುಗಡೆ ಪತ್ರದ ಬಗ್ಗೆ ನಾನು ಮಗಳಿಗೆ ವಿವರಿಸುತ್ತಿದ್ದಾಗ ಅವಳು, ಊರಿನ ನಮ್ಮ ಮನೆಯ ಪತ್ರಕ್ಕೆ ಅತ್ತೆಯೂ ಸಹಿ ಹಾಕಿದ್ದಾರೆಯೇ ಎಂದು ಕೇಳಿದಳು. ಹಾಕಿದ್ದಾರೆ ಎಂದೆ. ಏಕೆ ಎಂದಳು. ಕಡತದಲ್ಲಿ ಬರೆದಿರುವುದನ್ನೇ ಹೇಳಿದೆ, ಪ್ರೀತಿವಿಶ್ವಾಸದಿಂದ ಎಂದು. ಅತ್ತೆಯನ್ನು ಕೇಳಿದ್ದೀರಾ ಎಂಬ ಅವಳ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕೇಳಿರಲಿಲ್ಲ.

ಆ ಭಾನುವಾರ ಅಕ್ಕನಿಗೆ ದೂರವಾಣಿ ಮಾಡಿದೆ. ಬಹಳ ಹೊತ್ತು ಅವಳು ಬೇರೆ ವಿಷಯಗಳನ್ನೇ ಮಾತಾಡಿದಳು. ಕೊನೆಗೆ, 'ಆವತ್ತು ಅಮ್ಮ ಇದ್ದರು, ನೀವೆಲ್ಲ ಇದ್ದಿರಿ, ಕಾಗದ ಮುಂದಿಟ್ಟಿರಿ. ಬೇಡ ಅನ್ನೋದಕ್ಕೆ ನನಗೆ ಬಾಯಿ ಬರಲಿಲ್ಲ ಕಣೋ. ಆಸೆಯಿಂದಲೂ ಹಾಕಲಿಲ್ಲ, ಸಿಟ್ಟಿನಿಂದಲೂ ಹಾಕಲಿಲ್ಲ' ಎಂದಳು. ಆಮೇಲೆ, ಹುಡುಗಿಗೆ ಅದನ್ನೆಲ್ಲ ಬರೆದುಕೊಳ್ಳಬೇಕಿದ್ದರೆ ದಸರಾ ರಜೆಗೆ ಕಳುಹಿಸು, ಅಜ್ಜಿಯ ಕಾಲದ್ದೂ ಹೇಳುವುದಿದೆ ಎಂದಳು. ಮಗಳ ಪ್ರವೇಶ ಶುಲ್ಕವನ್ನು ನಾನು ಮರುದಿನ ಕಟ್ಟಿದೆ. ಅಕ್ಕನ ಪಾಲಿನ ವಿಚಾರವಾಗಿ ತಮ್ಮನೊಡನೆ ಮಾತಾಡುವುದು ಇನ್ನೂ ಬಾಕಿಯಿದೆ.

ಓದುಗರ ಮನೆಗಳಲ್ಲಿ ಹಳೆಯ ಕಾಗದ, ಖರ್ಚಿನ ಪುಸ್ತಕ, ಹಾಡಿನ ನೋಟುಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಿರಿಯ ಹೆಂಗಸರ ನೆನಪುಗಳನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ಮುದ್ರಿಸಿಕೊಂಡು, ದಿನಾಂಕ ಮತ್ತು ಊರಿನ ಹೆಸರು ಬರೆದಿಡಿ. ನಿಮ್ಮ ಮಕ್ಕಳು ಈ ವಿಷಯವನ್ನು ಓದಲಿ, ಬಿಡಲಿ, ಮುಂದೆ ಯಾರಿಗಾದರೂ ಅದು ಬೇಕಾಗುತ್ತದೆ.